ಯಾವ ಅಪರ್ಚರ್‌ನಲ್ಲಿ ಫೋಟೊ ಷಾರ್ಪ್ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಶಿರಸಿಯಲ್ಲಿ, ಕೆಲಸದ ಮೇಲೆ ಕಾರವಾರಕ್ಕೆ ಓಡಾಟ. ಹೆಗಲ ಮೇಲೆ ಕ್ಯಾಮೆರಾ ಬ್ಯಾಗ್ ಕಂಡರೆ ಸಾಕು, ಯಾರಾದರೂ ಮಾತಿಗೆಳೆಯುತ್ತಾರೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಕಡಲ ದಂಡೆಯ ಚಹಾದಂಗಡಿಯಲ್ಲಿ ಕೇಳಿದ ಪ್ರಶ್ನೆಗಳು ಇವು. ಎಲ್ಲವೂ ಅಪರ್ಚರ್ ಸುತ್ತ, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ, ಹಿಗ್ಗಿಸಿ ಕುಗ್ಗಿಸಬಹುದಾದ ತೂತಿನ ಸುತ್ತ. ಕೆಲವು ಕಾಗದದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ

ನಂಬರ್ ದೊಡ್ಡದಾದ್ರೆ ತೂತು ಚಿಕ್ಕದಾಗ್ತದಂತೆ. ಇದು ಉಲ್ಟಾ ಅಲ್ವಾ?

ಉಲ್ಟಾ ಅಲ್ಲ, ಭಾಗಾಕಾರ. ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಮಿ.ಮೀ. ಲೆಕ್ಕದಲ್ಲಿ ಬರೆದಿರುವ ಅಳತೆ) ತೂತಿನ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ನಂಬರ್. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ಇಟ್ಟರೆ ತೂತು 25 ಮಿ.ಮೀ., ಹೆಚ್ಚುಕಡಿಮೆ ಐದು ರೂಪಾಯಿ ನಾಣ್ಯದಷ್ಟು. ಎಫ್/8ಕ್ಕೆ ಇಟ್ಟರೆ 6 ಮಿ.ಮೀ. ಚಿಲ್ಲರೆ, ಅಂದರೆ ದಪ್ಪನೆಯ ಕಾಳುಮೆಣಸಿನಷ್ಟು. 1.4, 2, 2.8, 4, 5.6, 8, 11, 16, 22 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಮುಂದೆ ಹೋದಂತೆ ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ. ಈ ಮೆಟ್ಟಿಲಿಗೆ ಸ್ಟಾಪ್ ಅಂತ ಹೆಸರು.

ಎಷ್ಟಕ್ಕಿಟ್ಟರೆ ಷಾರ್ಪ್ ಬರ್ತದೆ? ಕತೆ ಬೇಡ, ಒಂದು ನಂಬರ್ ಹೇಳಿ ಸಾಕು.

ಎಂಟು.

ಕತೆ ಬೇಕಾದವರಿಗೆ: ಬಹುತೇಕ ಲೆನ್ಸ್‌ಗಳು ಪೂರ್ತಿ ತೆರೆದಾಗಿನದಕ್ಕಿಂತ ಎರಡು ಮೂರು ಸ್ಟಾಪ್ ಮುಚ್ಚಿದಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಎಫ್/1.8ರ 50 ಮಿ.ಮೀ. ಲೆನ್ಸ್ ಎಫ್/4, ಎಫ್/5.6ರ ಹೊತ್ತಿಗೇ ತನ್ನ ಉತ್ತಮ ಸ್ಥಿತಿಗೆ ಬಂದಿರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ 55ರ ತುದಿಯಲ್ಲಿ ಶುರುವಾಗುವುದೇ ಎಫ್/5.6ಕ್ಕೆ. ಅದಕ್ಕೆ ಎಫ್/8 ಬೇಕೇ ಬೇಕು. ಇಷ್ಟೂ ಹೇಳಿದ ಮೇಲೆ ಒಂದು ಮಾತು: ಎಫ್/5.6ಕ್ಕೂ ಎಫ್/8ಕ್ಕೂ ಇರುವ ವ್ಯತ್ಯಾಸ ನೋಡಲು ಕಂಪ್ಯೂಟರಿನಲ್ಲಿ ಚಿತ್ರ ಹಿಗ್ಗಿಸಿ ಮೂಗು ತಾಗಿಸಬೇಕು. ಫೋಟೊ ಹಾಳಾಗುವುದು ಸಾಮಾನ್ಯವಾಗಿ ಬೇರೆ ಕಾರಣಕ್ಕೆ.

ದುಡ್ಡು ಸುರಿದು ಎಫ್/1.8 ಲೆನ್ಸ್ ತಗೊಂಡೆ. ಈಗ 1.8ರಲ್ಲಿ ತೆಗೀಬೇಡ ಅಂದ್ರೆ ಹೆಂಗೆ ಮಾರಾಯ್ರೇ?

ತೆಗೆಯಬೇಡಿ ಅಂದವರ್ಯಾರು? ಕತ್ತಲಲ್ಲಿ, ಹಿನ್ನೆಲೆ ಕರಗಿಸಬೇಕಾದಲ್ಲಿ, ಧಾರಾಳವಾಗಿ ತೆರೆಯಿರಿ. ಕಣ್ಣಿನ ರೆಪ್ಪೆ ಒಂಚೂರು ಮೆತ್ತಗಾದರೂ ಮುಖ ಚೆನ್ನಾಗಿ ಬಂದರೆ ಯಾರೂ ದೂರು ಹೇಳುವುದಿಲ್ಲ. ಇನ್ನೊಂದು ಲಾಭವೂ ಉಂಟು. ಎಫ್/1.8 ಲೆನ್ಸ್ ಎಫ್/4ಕ್ಕೆ ಬರುವಷ್ಟರಲ್ಲಿ ಎರಡಕ್ಕಿಂತ ಜಾಸ್ತಿ ಸ್ಟಾಪ್ ಮುಚ್ಚಿರುತ್ತದೆ. ಎಫ್/4ರ ಲೆನ್ಸಿಗೆ ಅದೇ ಆರಂಭ. ಹಾಗಾಗಿ ದುಡ್ಡು ದಂಡವಾಗಲಿಲ್ಲ.

ಮೊಬೈಲಿನಲ್ಲಿ ಅಪರ್ಚರ್ ಎಲ್ಲಿ ಬದಲಿಸೋದು?

ಬಹುತೇಕ ಫೋನುಗಳಲ್ಲಿ ಅದು ಬದಲಾಗುವುದೇ ಇಲ್ಲ. 2018ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್9ರಲ್ಲಿ ಎಫ್/1.5 ಮತ್ತು ಎಫ್/2.4 ಎಂಬ ಎರಡು ತೂತು ಇದ್ದವು. ಅಂಥವು ಕಡಿಮೆ. ಪೋರ್ಟ್ರೇಟ್ ಮೋಡ್‌ನಲ್ಲಿ ಎಫ್ ನಂಬರ್ ಎಳೆದಾಗ ಹಿನ್ನೆಲೆ ಮಬ್ಬಾಗುವುದು ಲೆಕ್ಕಾಚಾರದಿಂದ, ಗಾಜಿನಿಂದಲ್ಲ.

ಎಫ್/8ರಲ್ಲೇ ತೆಗೆದೆ, ಟ್ರೈಪಾಡೂ ಇತ್ತು. ಆದ್ರೂ ಮಬ್ಬು. ಲೆನ್ಸ್ ಕೆಟ್ಟಿದ್ಯಾ?

ಕಾರವಾರದಲ್ಲಿ ಒಬ್ಬ ಹುಡುಗ ಇದೇ ದೂರು ಹಿಡಿದು ಬಂದಿದ್ದ. ಕಡಲತೀರದ ಯುದ್ಧನೌಕೆ ಮ್ಯೂಸಿಯಂನ ಫೋಟೊ. ಹಡಗಿನ ಮೇಲಿನ ಅಕ್ಷರಗಳು ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದವು. ಅಂಗಡಿಯವನು ಲೆನ್ಸ್ ಬದಲಿಸಲು ಹೇಳಿದ್ದನಂತೆ. ನಾನು ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಮುಂದಿನ ಫಿಲ್ಟರ್ ಮೇಲೆ ತೆಳ್ಳಗೆ ಬಿಳಿ ಪೊರೆ, ಅದರ ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಸಮುದ್ರದ ಗಾಳಿ ತಂದ ಉಪ್ಪು! ಒಣ ಬಟ್ಟೆಯಲ್ಲಿ ಉಜ್ಜಿದರೆ ಗಾಜು ಗೀರಾಗುತ್ತದೆ. ಮೊದಲು ಬ್ಲೋವರ್‌ನಿಂದ ಮರಳು ಊದಿ, ಲೆನ್ಸ್ ಬಟ್ಟೆಯ ತುದಿಗೆ ಲೆನ್ಸ್ ದ್ರಾವಣದ ಎರಡು ಹನಿ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿದೆ. ಅದೇ ಲೆನ್ಸ್, ಅದೇ ಎಫ್/8, ಹಡಗಿನ ಮೊಳೆಗಳೂ ಎಣಿಸಲು ಸಿಕ್ಕವು. ಅವನಿಗೆ ಒಂದು ಲೆನ್ಸಿನ ದುಡ್ಡು ಉಳಿಯಿತು, ನನಗೆ ಒಂದು ಚಹಾ ಸಿಕ್ಕಿತು.

ಉಪ್ಪು ಇಲ್ಲದಿದ್ದರೆ ಬಿಸಿಲು ನೋಡಿ. ಮಧ್ಯಾಹ್ನ ಕಾರವಾರದ ದಂಡೆಯಿಂದ ಕೂರ್ಮಗಡ ದ್ವೀಪವನ್ನು 300 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಅಂಚುಗಳು ಕುದಿಯುವ ನೀರಿನ ಹಾಗೆ ನಡುಗುತ್ತವೆ. ನಡುವಿನ ಗಾಳಿಯಲ್ಲಿ ಬಿಸಿ ಪದರ, ತಂಪು ಪದರ ಬೆರೆತು ಬೆಳಕನ್ನು ಬಾಗಿಸುತ್ತಿರುತ್ತವೆ. ಇದಕ್ಕೆ ಯಾವ ಅಪರ್ಚರೂ ಮದ್ದಲ್ಲ. ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೆ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ಸೀದಾ ಕರಾವಳಿಯ ಸೆಕೆಗೆ ತಂದರೆ ಗಾಜಿನ ಮೇಲೆ ನೀರಾವಿ ಕೂರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ಇನ್ನು ಟ್ರೈಪಾಡ್ ಇಲ್ಲದಾಗಿನ ಕೈ ನಡುಕ. ಎಫ್/4ರಲ್ಲಿ 1/500 ಸೆಕೆಂಡ್ ಶಟರ್ ಸ್ಪೀಡ್ (ಬೆಳಕು ಒಳಬರಲು ಬಿಡುವ ಹೊತ್ತು) ಸಿಗುತ್ತಿದ್ದ ಬೆಳಕಿನಲ್ಲಿ ಎಫ್/16ಕ್ಕೆ ಹೋದರೆ ಸಿಗುವುದು 1/30 ಮಾತ್ರ. ಷಾರ್ಪ್ ಆಗಲಿ ಅಂತ ಅಪರ್ಚರ್ ಮುಚ್ಚಿ, ಆ ನಡುಕದಲ್ಲಿ ಎಲ್ಲ ಕಳೆದುಕೊಂಡವರೇ ಜಾಸ್ತಿ.

## ಸ್ವಲ್ಪ ಒಳಗೆ

ಪೂರ್ತಿ ತೆರೆದಾಗ ಲೆನ್ಸ್ ಯಾಕೆ ಮೆತ್ತಗಾಗ್ತದೆ?

ಗಾಜಿನ ನಡುವಿನಿಂದ ಹೋದ ಬೆಳಕು ಒಂದು ಕಡೆ ಸೇರಿದರೆ, ಅಂಚಿನಿಂದ ಹೋದದ್ದು ಒಂಚೂರು ಹಿಂದೆ ಮುಂದೆ ಸೇರುತ್ತದೆ. ಬಿಂದುವಾಗಬೇಕಾದದ್ದು ಮಂಜಿನ ಪ್ರಭೆ ಹೊತ್ತ ಚುಕ್ಕೆಯಾಗುತ್ತದೆ. ಜೊತೆಗೆ ಕೆಂಪು, ಹಸಿರು, ನೀಲಿ ಬಣ್ಣಗಳೂ ಒಂದೇ ದೂರದಲ್ಲಿ ಸೇರುವುದಿಲ್ಲ. ಅಪರ್ಚರ್ ಮುಚ್ಚಿದಾಗ ಈ ತಂಟೆಕೋರ ಅಂಚಿನ ಕಿರಣಗಳು ಹೊರಗುಳಿಯುತ್ತವೆ.

ಕಣ್ಣಾರೆ ನೋಡಬೇಕಾದರೆ ಬೆಳಗಿನ ಬಿಸಿಲಿಗೆ ಹರವಿದ ಒದ್ದೆ ಬಲೆಯ ಹತ್ತಿರ ಹೋಗಿ. ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ) ಎಳೆದು ಮುಗಿಸಿದ ಮೇಲೆ ಬಲೆಯ ಗಂಟುಗಂಟಿನಲ್ಲೂ ನೀರ ಹನಿ ನಿಂತಿರುತ್ತದೆ. ಎಫ್/1.8ರಲ್ಲಿ ತೆಗೆದ ಚಿತ್ರ ಹಿಗ್ಗಿಸಿ ನೋಡಿ. ಫೋಕಸ್‌ಗಿಂತ ಮುಂದಿನ ಹನಿಗಳ ಸುತ್ತ ನೇರಳೆ ಅಂಚು, ಹಿಂದಿನವುಗಳ ಸುತ್ತ ಹಸಿರು ಅಂಚು. ಫೋಕಸ್ ಆದ ಗಂಟಿನ ನೂಲಿಗೂ ಸುತ್ತ ತೆಳ್ಳನೆ ಹೊಗೆ. ಎಫ್/2.8ಕ್ಕೆ ಹೊಗೆ ಹೋಗುತ್ತದೆ, ಎಫ್/5.6ಕ್ಕೆ ಬಣ್ಣದ ಅಂಚೂ ಹೆಚ್ಚುಕಡಿಮೆ ಮಾಯ. ನೂಲಿನ ಹುರಿ ಎಣಿಸಬಹುದು.

ಹಂಗಾದ್ರೆ ಎಫ್/22 ಇನ್ನೂ ಷಾರ್ಪ್ ಇರ್ಬೇಕಲ್ಲ?

ಇರಬೇಕಿತ್ತು, ಬೆಳಕು ಅಲೆಯಾಗಿರದಿದ್ದರೆ. ಕಾರವಾರ ಬಂದರಿನ ಅಲೆ ತಡೆಗೋಡೆಯ ತುದಿ ನೋಡಿದ್ದೀರಾ? ಹೊರಗಿನಿಂದ ನೆಟ್ಟಗೆ ಬರುವ ಅಲೆ ಗೋಡೆಯ ತುದಿ ದಾಟಿದ ಮೇಲೆ ಬಾಗಿ ಒಳಗಡೆಗೂ ಹರಡಿಕೊಳ್ಳುತ್ತದೆ. ದಾರಿ ಕಿರಿದಾದಷ್ಟೂ ಈ ಹರಡುವಿಕೆ ಜಾಸ್ತಿ. ಲೆನ್ಸಿನ ಸಣ್ಣ ತೂತಿನಲ್ಲೂ ಬೆಳಕಿಗೆ ಇದೇ ಆಗುತ್ತದೆ. ಪಿಯುಸಿ ಪುಸ್ತಕದಲ್ಲಿ ಇದಕ್ಕೆ ವಿವರ್ತನೆ ಅಂತಾರೆ, ಕ್ಯಾಮೆರಾದವರು ಡಿಫ್ರಾಕ್ಷನ್ ಅಂತಾರೆ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಬಿಂದು ಬಿಂದುವಾಗಿ ಬೀಳುವುದಿಲ್ಲ, ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಇದರ ಲೆಕ್ಕವನ್ನು 1835ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಬಿಡೆಲ್ ಏರಿ ಕೊಟ್ಟರು. ಅದಕ್ಕೇ ಏರಿ ಬಿಲ್ಲೆ ಎಂಬ ಹೆಸರು. ಎಫ್/8 ದಾಟಿದ ಮೇಲೆ ಗಾಜಿನ ದೋಷ ಕಡಿಮೆಯಾಗುವ ವೇಗಕ್ಕಿಂತ ಬಿಲ್ಲೆ ಹಿಗ್ಗುವ ವೇಗ ಜಾಸ್ತಿಯಾಗುತ್ತಾ ಹೋಗುತ್ತದೆ. ದುಬಾರಿ ಲೆನ್ಸ್, ಅಗ್ಗದ ಲೆನ್ಸ್ ಎರಡೂ ಎಫ್/22ರಲ್ಲಿ ಬಹುತೇಕ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ನಡುವೆ ಚೆನ್ನಾಗಿದೆ, ಮೂಲೆ ಮಾತ್ರ ಮಬ್ಬು. ಏನು ಮಾಡೋದು?

ಇನ್ನೊಂದು ಸ್ಟಾಪ್ ಮುಚ್ಚಿ ನೋಡಿ. ನಡುಭಾಗ ಬೇಗ ಸುಧಾರಿಸುತ್ತದೆ, ಮೂಲೆಗಳು ನಿಧಾನ. ಅಂಗಳದಲ್ಲಿ ಹರವಿದ ಅಡಿಕೆಯನ್ನು ಮಹಡಿ ಮೇಲಿಂದ ತೆಗೆದರೆ ಇದು ಎದ್ದು ಕಾಣುತ್ತದೆ, ಯಾಕೆಂದರೆ ಮೂಲೆಯಲ್ಲೂ ನಡುವಿನಷ್ಟೇ ಅಡಿಕೆ ಇರುತ್ತವೆ. ಎಫ್/8 ಅಥವಾ ಎಫ್/11 ಇಡಿ. ಮೂಲೆಯ ಮರದ ಟೊಂಗೆಗೆ ಬರುವ ಕೆಂಪು-ನೀಲಿ ಗೆರೆ (ಬಲೆಯ ಹನಿಯ ಬಣ್ಣದ ಅಂಚಲ್ಲ, ಇದು ಬೇರೆ ದೋಷ) ಮಾತ್ರ ಅಪರ್ಚರ್ ಮುಚ್ಚಿದರೂ ಹೋಗುವುದಿಲ್ಲ. ಅದನ್ನು ಸಾಫ್ಟ್‌ವೇರಿನಲ್ಲಿ ಒಂದು ಟಿಕ್ ಹಾಕಿ ತೆಗೆಯಬಹುದು. ಎಡ ಮೂಲೆ ಚೊಕ್ಕ, ಬಲ ಮೂಲೆ ಮಬ್ಬು ಅಂತಾದರೆ ಒಳಗಿನ ಗಾಜು ಸರಿದಿರುವ ಸಾಧ್ಯತೆ ಇದೆ. ವಾರಂಟಿ ಕಾಗದ ಹುಡುಕಿ.

## ನಮ್ಮ ಜಾಗಗಳಲ್ಲಿ

ಉಂಚಳ್ಳಿ ಜಲಪಾತದ ನೀರು ರೇಷ್ಮೆ ಥರ ಬರ್ಬೇಕು. ಅದಕ್ಕೆ ಎಫ್/22 ಬೇಕಲ್ಲ?

ಬೇಕಾಗಿರುವುದು ನಿಧಾನ ಶಟರ್, ಎಫ್/22 ಅಲ್ಲ. ಎಫ್/8ರಿಂದ ಎಫ್/22ಕ್ಕೆ ಹೋದರೆ ಕಡಿಮೆಯಾಗುವುದು ಮೂರು ಸ್ಟಾಪ್ ಬೆಳಕು. ಎನ್‌ಡಿ8 ಎಂಬ ಕಪ್ಪು ಫಿಲ್ಟರ್ ತಡೆಯುವುದೂ ಮೂರು ಸ್ಟಾಪೇ. ಫಿಲ್ಟರ್ ಹಾಕಿ ಎಫ್/8ರಲ್ಲೇ ಇರಿ. ನೀರು ಅಷ್ಟೇ ನಯವಾಗುತ್ತದೆ, ಬಂಡೆಯ ಪಾಚಿಯೂ ಷಾರ್ಪ್ ಉಳಿಯುತ್ತದೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಇಡೀ ದಿನ ಎಫ್/22ರಲ್ಲೇ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಚಿತ್ರ ಮೆತ್ತಗೆ, ಮೇಲಾಗಿ ಬಿಳಿ ನೀರಿನ ತುಂಬ ಬೂದು ಚುಕ್ಕೆ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಮೇಲಿನ ದೂಳು! ತೂತು ಚಿಕ್ಕದಾದಷ್ಟೂ ದೂಳಿನ ನೆರಳು ಸ್ಪಷ್ಟವಾಗುತ್ತದೆ. ಅದನ್ನೆಲ್ಲ ಒರೆಸುತ್ತಾ ಕೂತ ರಾತ್ರಿ ಮರೆತಿಲ್ಲ. ಮಳೆಗಾಲದಲ್ಲಂತೂ ಹನಿ ಗಾಜಿಗೇ ಬಂದು ಕೂರುತ್ತದೆ, ಪ್ರತಿ ಕ್ಲಿಕ್ಕಿಗೂ ಮೊದಲು ಒರೆಸಿ.

ಸಹಸ್ರಲಿಂಗದಲ್ಲಿ ಕಾಲ ಬುಡದ ಲಿಂಗದಿಂದ ಆಚೆ ದಡದ ಮರದವರೆಗೂ ಷಾರ್ಪ್ ಬೇಕು. ಎಫ್/16 ಇಡ್ಲಾ?

ಅಷ್ಟು ದೂರ ಹೋಗಬೇಕಿಲ್ಲ. ಅಪರ್ಚರ್‌ಗಿಂತ ಎಲ್ಲಿ ಫೋಕಸ್ ಮಾಡುತ್ತೀರಿ ಎಂಬುದು ಇಲ್ಲಿ ದೊಡ್ಡದು. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾದಲ್ಲಿ 18 ಮಿ.ಮೀ.ಗೆ ಎಫ್/8 ಇಟ್ಟು ಸುಮಾರು 2 ಮೀಟರ್ ದೂರದ ಲಿಂಗಕ್ಕೆ ಫೋಕಸ್ ಮಾಡಿದರೆ 1 ಮೀಟರಿನಿಂದ ಕಣ್ಣು ಹೋಗುವಷ್ಟು ದೂರದವರೆಗೂ ಸಾಕಷ್ಟು ಚೊಕ್ಕ ಬರುತ್ತದೆ. ಹೀಗೆ ಫೋಕಸ್ ಮಾಡುವ ಆ 2 ಮೀಟರ್ ದೂರಕ್ಕೆ ಹೈಪರ್‌ಫೋಕಲ್ ಅಂತಾರೆ. ದೊಡ್ಡದಾಗಿ ಪ್ರಿಂಟ್ ಹಾಕಿಸುವುದಿದ್ದರೆ ಎಫ್/11ಕ್ಕೆ ಹೋಗಿ, 2.5 ಮೀಟರಿಗೆ ಫೋಕಸ್ ಮಾಡಿ. ಬೇಸಿಗೆಯಲ್ಲೇ ಹೋಗಿ. ಮಳೆಗಾಲದಲ್ಲಿ ಶಾಲ್ಮಲೆ ಹೊಳೆ ಲಿಂಗಗಳನ್ನು ತೋರಿಸುವುದಿಲ್ಲ.

ಭಾವಾ, ಮದುವೆ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಅಜ್ಜ ಮಬ್ಬಾಗಿದ್ದ. ಬೈಸಿಕೊಂಡೆ.

ನಾನೂ ಬೈಸಿಕೊಂಡಿದ್ದೇನೆ. 50 ಮಿ.ಮೀ. ಲೆನ್ಸ್, 5 ಮೀಟರ್ ದೂರ, ಎಫ್/1.8 ಅಂದರೆ ಎಪಿಎಸ್-ಸಿಯಲ್ಲಿ ಚೊಕ್ಕ ಬರುವ ಆಳ ಮುಕ್ಕಾಲು ಮೀಟರಿಗೂ ಒಂಚೂರು ಕಡಿಮೆ. ಕುರ್ಚಿಯಲ್ಲಿ ಕೂತವರು, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿದವರು ಆ ಮುಕ್ಕಾಲು ಮೀಟರಿನಲ್ಲಿ ಹಿಡಿಯುವುದಿಲ್ಲ. ಎಫ್/5.6ಕ್ಕೆ ಅದು ಎರಡೂಕಾಲು ಮೀಟರ್ ದಾಟುತ್ತದೆ. ಫೋಕಸನ್ನು ನಡುವಿನ ಸಾಲಿಗೆ ಇಡಿ. ಚಪ್ಪರದ ಕೆಳಗೆ ಬೆಳಕು ಸಾಲದಿದ್ದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬುದರ ಅಳತೆಯಾದ ಐಎಸ್‌ಒ ಏರಿಸಿ. ಕಾಳುಕಾಳಾಗಿ ಬಂದರೂ ಅಜ್ಜನ ಮುಖ ಇರುತ್ತದೆ.

ಬೇಡರ ವೇಷ ತೆಗೆಯೋಕೆ ಎಷ್ಟು?

ಇದ್ದಷ್ಟೂ ತೆರೆಯಿರಿ. ಶಿರಸಿಯ ಹೋಳಿಯ ರಾತ್ರಿ, ಬೀದಿ ದೀಪ, ತಮಟೆಯ ಗತ್ತು, ಹಿಂದೆ ಹಗ್ಗ ಹಿಡಿದವರನ್ನೂ ಎಳೆದುಕೊಂಡು ಹಾರುವ ವೇಷ. ಇಲ್ಲಿ 1/500 ಸೆಕೆಂಡ್ ಇಲ್ಲದಿದ್ದರೆ ನವಿಲುಗರಿ ಬರೀ ಗೆರೆಯಾಗುತ್ತದೆ. ಎಫ್/2 ಅಥವಾ ಎಫ್/2.8, ಐಎಸ್‌ಒ 3200ರಿಂದ 6400. ಲೆನ್ಸ್ ಎಲ್ಲಿ ಷಾರ್ಪ್ ಎಂಬ ಚರ್ಚೆ ಎರಡು ವರ್ಷಕ್ಕೊಮ್ಮೆ ಬರುವ ಆ ಕ್ಷಣಕ್ಕಲ್ಲ.

ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ತೆಗೆಯುವಾಗ 150-600 ಲೆನ್ಸನ್ನು ಎಫ್/8ಕ್ಕೆ ಇಡು ಅಂತಾರೆ. ಖರೇನಾ?

ಅರ್ಧ ಖರೆ. ಈ ಥರದ ಜೂಮ್‌ಗಳು 600ರ ತುದಿಯಲ್ಲಿ ಎಫ್/6.3ಕ್ಕಿಂತ ಎಫ್/8ರಲ್ಲಿ ಒಂಚೂರು ಚುರುಕು. ಹಕ್ಕಿ ಬಯಲಿನ ಅತ್ತಿ ಮರದಲ್ಲಿ ಬಿಸಿಲಿಗೆ ಕೂತಿದ್ದರೆ ಎಫ್/8 ಇಡಿ. ಕಾಡಿನೊಳಗೆ ಮುಂಜಾನೆ ಆರೂವರೆಗೆ ಆ ಮೂರನೇ ಎರಡು ಸ್ಟಾಪ್ ಬೆಳಕು ಬಂಗಾರ. ಅದನ್ನು ಶಟರ್ ಸ್ಪೀಡಿಗೆ ಕೊಡಿ.

ಗಾಳಿ ಮರದ ಸಂದಿಯಲ್ಲಿ ಸೂರ್ಯ ನಕ್ಷತ್ರದ ಹಾಗೆ ಬರೋದು ಹೆಂಗೆ?

ಎಫ್/16. ಸೂರ್ಯನನ್ನು ಕಾಂಡದ ಅಂಚಿಗೆ ಅರ್ಧ ಮರೆ ಮಾಡಿ. ಅಪರ್ಚರ್‌ನ ಎಲೆಗಳು 8 ಇದ್ದರೆ 8 ಕಿರಣ, 7 ಇದ್ದರೆ 14 ಕಿರಣ. ಬೆಸ ಸಂಖ್ಯೆಯಾದರೆ ದುಪ್ಪಟ್ಟು. ಇಲ್ಲಿ ಚಂದ ಬೇಕು, ಹಾಗಾಗಿ ಷಾರ್ಪ್‌ನೆಸ್ ಒಂಚೂರು ಬಿಟ್ಟುಕೊಡುತ್ತೇವೆ.

## ಆಳಕ್ಕಿಳಿಯುವವರಿಗೆ

ನನ್ನ ಲೆನ್ಸ್ ಎಲ್ಲಿ ಚೆನ್ನಾಗಿದೆ ಅಂತ ಮನೆಯಲ್ಲೇ ನೋಡೋದು ಹೇಗೆ?

ಚಿರೇಕಲ್ಲಿನ ಗೋಡೆ ಇದ್ದರೆ ಅದಕ್ಕಿಂತ ಒಳ್ಳೆಯ ಚಾರ್ಟ್ ಇಲ್ಲ. ಕಲ್ಲಿನ ತುಂಬ ಸಣ್ಣ ತೂತು, ಸಣ್ಣ ಕಣ. ನಡುವೆ ಮತ್ತು ನಾಲ್ಕು ಮೂಲೆಗೆ ಪತ್ರಿಕೆಯ ಹಾಳೆ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಗೋಡೆಗೆ ನೇರ ಎದುರಿಗೆ. ಓರೆಯಾದರೆ ಒಂದು ಮೂಲೆ ಮಬ್ಬಾಗಿ ಲೆನ್ಸಿಗೆ ಸುಮ್ನೆ ಅಪವಾದ ಬರುತ್ತದೆ. ಐಎಸ್‌ಒ 100, ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಾವಿಟ್ಟು ಶಟರನ್ನು ಕ್ಯಾಮೆರಾಕ್ಕೆ ಬಿಡುವ ಮೋಡ್), 2 ಸೆಕೆಂಡ್ ಟೈಮರ್, ಟ್ರೈಪಾಡ್ ಮೇಲೆ ನಡುಕ ತಡೆಯುವ ಸ್ಟೆಬಿಲೈಸರ್ ಆಫ್. ಪರದೆಯಲ್ಲಿ ಹಿಗ್ಗಿಸಿಕೊಂಡು ಒಮ್ಮೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿ. ಆಮೇಲೆ ಒಂದೊಂದೇ ಸ್ಟಾಪ್ ಮುಚ್ಚುತ್ತಾ ಎಫ್/22ರವರೆಗೆ ತೆಗೆಯಿರಿ. ಜೂಮ್ ಆದರೆ ಅಗಲ, ನಡು, ಉದ್ದ ಮೂರರಲ್ಲೂ. ನನ್ನ ಕಿಟ್ ಲೆನ್ಸ್ 18ರಲ್ಲಿ ಎಫ್/5.6ಕ್ಕೇ ಚೊಕ್ಕ, 55ರಲ್ಲಿ ಎಫ್/8 ಆಗುವವರೆಗೂ ಮೂಲೆಯ ಅಕ್ಷರ ಓದಲು ಬರುವುದಿಲ್ಲ. ನಿಮ್ಮದು ಬೇರೆ ಇರಬಹುದು. ಒಂದೇ ಮಾದರಿಯ ಎರಡು ಲೆನ್ಸ್‌ಗಳೂ ಒಂದೇ ರೀತಿ ಇರುವುದಿಲ್ಲ.

ಜಾಸ್ತಿ ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಡಿಫ್ರಾಕ್ಷನ್ ಬೇಗ ಶುರುವಾಗ್ತದಂತೆ. ಹೌದಾ?

ಲೆಕ್ಕ ಹಾಕೋಣ. ಹಸಿರು ಬೆಳಕಿಗೆ ಏರಿ ಬಿಲ್ಲೆಯ ಅಗಲ ಎಫ್ ನಂಬರಿನ ಸುಮಾರು 1.34 ಪಟ್ಟು, ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ. ಎಫ್/8ಕ್ಕೆ 10.7, ಎಫ್/11ಕ್ಕೆ 14.8, ಎಫ್/16ಕ್ಕೆ 21.5, ಎಫ್/22ಕ್ಕೆ 29.5. ಇನ್ನು ಪಿಕ್ಸೆಲ್ (ಸೆನ್ಸರಿನ ಒಂದು ಚುಕ್ಕೆ): ಎಪಿಎಸ್-ಸಿಗಿಂತ ದೊಡ್ಡದಾದ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್, 45 ಮೆಗಾಪಿಕ್ಸೆಲ್‌ನಲ್ಲಿ 4.4ರ ಆಸುಪಾಸು, 24 ಮೆಗಾಪಿಕ್ಸೆಲ್ ಎಪಿಎಸ್-ಸಿಯಲ್ಲಿ 3.9. ಬಿಲ್ಲೆ ಎರಡೂವರೆ ಪಿಕ್ಸೆಲ್ ದಾಟಿದ ಮೇಲೆ ಹಿಗ್ಗಿಸಿ ನೋಡಿದರೆ ಮೆದುತನ ಕಾಣತೊಡಗುತ್ತದೆ. ಅಂದರೆ ಎಪಿಎಸ್-ಸಿಗೆ ಎಫ್/8ರ ಹತ್ತಿರ, 24ರ ಫುಲ್ ಫ್ರೇಮ್‌ಗೆ ಎಫ್/11ರ ಹತ್ತಿರ.

ಆದರೆ ಬಿಲ್ಲೆಯ ಅಗಲ ಪಿಕ್ಸೆಲ್ ನೋಡಿ ಬದಲಾಗುವುದಿಲ್ಲ. 45 ಮೆಗಾಪಿಕ್ಸೆಲ್ ಕ್ಯಾಮೆರಾ ಬಿಲ್ಲೆಯನ್ನು ಬೇಗ ತೋರಿಸುತ್ತದೆ ಅಷ್ಟೆ. ಎರಡೂ ಫುಲ್ ಫ್ರೇಮ್‌ಗಳಿಂದ ಒಂದೇ ಅಳತೆಯ ಪ್ರಿಂಟ್ ಹಾಕಿಸಿದರೆ ಎಫ್/16ರಲ್ಲೂ ಜಾಸ್ತಿ ಪಿಕ್ಸೆಲ್‌ನದು ಹಿಂದೆ ಬೀಳುವುದಿಲ್ಲ. ಹೊಸ ಕ್ಯಾಮೆರಾ ಕೊಂಡು ಎಫ್/11 ನಿಷೇಧ ಅಂತ ಕೂರಬೇಡಿ.

ಕಾಳುಮೆಣಸಿನ ಹೂವಿನ ಮ್ಯಾಕ್ರೊ ತೆಗೆದೆ. ಎಫ್/16 ಇಟ್ರೂ ಮಬ್ಬು!

ಯಾಕೆಂದರೆ ಅದು ಎಫ್/16 ಆಗಿರಲಿಲ್ಲ. ಮ್ಯಾಕ್ರೊ ಅಂದರೆ ತೀರ ಹತ್ತಿರದಿಂದ ತೆಗೆಯುವ ಫೋಟೊ. ಹತ್ತಿರ ಹೋದಂತೆ ನಿಜವಾದ ಎಫ್ ನಂಬರ್ ಏರುತ್ತದೆ. ವಸ್ತು ಸೆನ್ಸರಿನ ಮೇಲೆ ತನ್ನಷ್ಟೇ ಗಾತ್ರದಲ್ಲಿ ಮೂಡುವಾಗ, ಅಂದರೆ 1:1ರಲ್ಲಿ, ಅದು ಸುಮಾರು ದುಪ್ಪಟ್ಟು. ಎಫ್/16 ಎಫ್/32 ಆಗುತ್ತದೆ. ಎಫ್/5.6ರಿಂದ ಎಫ್/8ರಲ್ಲಿ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹತ್ತಿಪ್ಪತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅಂತಾರೆ. ತೋಟದಲ್ಲಿ ಗಾಳಿ ನಿಲ್ಲಬೇಕು, ಅದು ನಮ್ಮ ಕೈಲಿಲ್ಲ.

ಹಿಂದಿನವರು ಎಫ್/64ರಲ್ಲಿ ತೆಗೀತಿದ್ರಂತಲ್ಲ? ಅವರದ್ದು ಹೇಗೆ ಷಾರ್ಪ್ ಇತ್ತು?

ಇತ್ತು. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದ ಫೋಟೊಗ್ರಾಫರ್‌ಗಳು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಬಳಗದ ಹೆಸರೇ ಗ್ರೂಪ್ ಎಫ್/64. ಅವರ ಕೆಲವು ಕ್ಯಾಮೆರಾಗಳ ಫಿಲ್ಮ್ 8×10 ಇಂಚು, ಶಾಲೆಯ ಸ್ಲೇಟಿನಷ್ಟು. ಅದನ್ನು ಹಿಗ್ಗಿಸದೆ ಕಾಗದಕ್ಕೆ ಒತ್ತಿ ಹಿಡಿದು ಪ್ರಿಂಟ್ ಮಾಡಿದರೆ ಎಫ್/64ರ ಬಿಲ್ಲೆ ಒಂದು ಮಿಲಿಮೀಟರಿನ ಹನ್ನೆರಡನೇ ಒಂದು ಭಾಗ. ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮ ಎಪಿಎಸ್-ಸಿ ಸೆನ್ಸರ್ 24 ಮಿ.ಮೀ. ಅಗಲವೂ ಇಲ್ಲ. ಅದೇ ಅಳತೆಯ ಪ್ರಿಂಟಿಗೆ ಅದನ್ನು ಹತ್ತು ಪಟ್ಟು ಹಿಗ್ಗಿಸಬೇಕು, ಬಿಲ್ಲೆಯೂ ಜೊತೆಗೇ ಹಿಗ್ಗುತ್ತದೆ.

ಎಫ್/1.4ರಲ್ಲಿ ಫೋಕಸ್ ಸರಿ ಇರ್ತದೆ, ಎಫ್/2.8ಕ್ಕೆ ಹೋದ್ರೆ ಕಣ್ಣು ಬಿಟ್ಟು ಕಿವಿಗೆ ಹೋಗ್ತದೆ. ನನ್ನ ತಪ್ಪಾ?

ನಿಮ್ಮದಲ್ಲ, ಗಾಜಿನದು. ಅಂಚಿನ ಕಿರಣ ಮತ್ತು ನಡುವಿನ ಕಿರಣ ಬೇರೆ ಬೇರೆ ಕಡೆ ಸೇರುವ ಲೆನ್ಸ್‌ನಲ್ಲಿ, ಅಂಚನ್ನು ಮುಚ್ಚಿದಾಗ ಅತಿ ಚೊಕ್ಕ ಬರುವ ಜಾಗವೇ ಸರಿಯುತ್ತದೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾಗಳು ಲೆನ್ಸ್ ಪೂರ್ತಿ ತೆರೆದಿಟ್ಟೇ ಫೋಕಸ್ ಮಾಡಿ, ಕ್ಲಿಕ್ ಆಗುವಾಗ ಮಾತ್ರ ಮುಚ್ಚುತ್ತವೆ. ಹಾಗಾಗಿ ಈ ಸರಿದಾಟ ಅವಕ್ಕೆ ಗೊತ್ತಾಗುವುದಿಲ್ಲ. ಲೈವ್ ವ್ಯೂಗೆ (ಹಿಂದಿನ ಪರದೆಯಲ್ಲಿ ನೋಡುವ ಮೋಡ್) ಹೋಗಿ, ಅಪರ್ಚರನ್ನು ಮೊದಲೇ ಮುಚ್ಚಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಬಟನ್ ಒತ್ತಿ ಹಿಡಿದು, ತೆಗೆಯುವ ಅಪರ್ಚರ್‌ನಲ್ಲೇ ಕೈಯಿಂದ ಫೋಕಸ್ ಮಾಡಿ. ಎಫ್/5.6 ದಾಟಿದ ಮೇಲೆ ಚೊಕ್ಕ ಬರುವ ಆಳವೇ ದೊಡ್ಡದಾಗಿ ಈ ತೊಂದರೆ ಅದರೊಳಗೆ ಮುಚ್ಚಿಹೋಗುತ್ತದೆ.